ಕಾರಿನ ಅಲ್ಯೂಮಿನಿಯಂ ಗಾಲಿಗಳು: ಕೈಯಿಂದ ಉಜ್ಜುವಿಕೆ ಮತ್ತು ಪಾಲಿಶ್

ಕಾರಿನ ಅಲ್ಯೂಮಿನಿಯಂ ಮಿಶ್ರಲೋಹದ ಗಾಲಿಗಳ ಮೇಲಿನ ಹಾಳಾದ ಲೇಪ, ಬಿಳಿಗಟ್ಟಿದ ಪದರ, ಗೀರು ಮತ್ತು ಸಣ್ಣ ಗುಳಿಗಳನ್ನು ಮರಳು ಕಾಗದದಿಂದ ಕೈಯಲ್ಲಿಯೇ ಉಜ್ಜಿ ತೆಗೆದು, ಬಳಿಕ ಪಾಲಿಶ್ ಪೇಸ್ಟಿನಿಂದ ಲೋಹಕ್ಕೆ ಕನ್ನಡಿಯ ಹೊಳಪನ್ನು ತರುವುದು ವಾಹನಪ್ರಿಯರ ಮನೆಯಂಗಳಗಳಲ್ಲಿ ಬೆಳೆದುಬಂದ ಒಂದು ಕೈಕೆಲಸ. ಇದಕ್ಕೆ ಬೇಕಾಗುವ ಸಾಮಗ್ರಿ ಅಲ್ಪ: ಬೇರೆ ಬೇರೆ ನಂಬರಿನ ಕಾಗದ, ನೀರು, ಸಾಬೂನು, ಪಾಲಿಶ್ ಮತ್ತು ಮೆತ್ತನೆಯ ಬಟ್ಟೆ. ಶ್ರಮ ಮಾತ್ರ ಹೆಚ್ಚು. ಬಹುಕಾಲ ಅಲಕ್ಷ್ಯಕ್ಕೆ ಒಳಗಾದ ಒಂದೇ ಗಾಲಿ ಇಡೀ ದಿನದ ದುಡಿಮೆಯನ್ನು ಬೇಡಬಹುದು. ಇಲ್ಲಿ ಹೊಳಪು ಮೇಲಿನಿಂದ ಬಳಿಯುವ ವಸ್ತುವಲ್ಲ. ದೊಡ್ಡ ಗೀರುಗಳ ಜಾಗದಲ್ಲಿ ಸಣ್ಣ ಗೀರುಗಳನ್ನೂ ಅವುಗಳ ಜಾಗದಲ್ಲಿ ಇನ್ನೂ ಸಣ್ಣ ಗೀರುಗಳನ್ನೂ ಮೂಡಿಸುತ್ತ ಹೋದಾಗ, ಗೀರುಗಳು ಬೆಳಕನ್ನು ಚದುರಿಸಲಾರದಷ್ಟು ಕಿರಿದಾದ ಹಂತದಲ್ಲಿ ಲೋಹ ತಲುಪುವ ಸ್ಥಿತಿ. ಈ ಕೆಲಸದ ಬಹುಪಾಲು ನಿಯಮಗಳೂ ಮಿತಿಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಹಿನ್ನೆಲೆ

ಮೊದಲ ತಲೆಮಾರಿನ ಮೋಟಾರು ಕಾರುಗಳು ಮರದ ಅಥವಾ ತಂತಿಕಡ್ಡಿಗಳ ಗಾಲಿಗಳ ಮೇಲೆ ಓಡುತ್ತಿದ್ದವು. ಅನಂತರ ಅವುಗಳ ಜಾಗಕ್ಕೆ ಉಕ್ಕಿನ ತಗಡನ್ನು ಒತ್ತಿ ರೂಪಿಸಿದ ಗಾಲಿಗಳು ಬಂದವು. ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ 1886ರಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದ ವಿದ್ಯುದ್ವಿಭಜನೆಯ ವಿಧಾನದಿಂದ ಅಲ್ಯೂಮಿನಿಯಂ ಬೆಲೆ ಇಳಿದು, ಅದುವರೆಗೆ ಆಭರಣದಂತೆ ದುಬಾರಿಯಾಗಿದ್ದ ಲೋಹ ಕಾರ್ಖಾನೆಗಳಿಗೆ ಎಟುಕಿದ ಮೇಲಷ್ಟೇ ಅದನ್ನು ಗಾಲಿಗೆ ಬಳಸುವುದು ಸಾಧ್ಯವಾಯಿತು. ಎತ್ತೋರೆ ಬುಗಾಟಿ ಆಲ್ಸಾಸ್ ಪ್ರಾಂತದ ಮೋಲ್ಸೈಮ್‌ನಲ್ಲಿ ತಯಾರಿಸಿ 1924ರ ಲಿಯಾನ್ ಗ್ರಾಂ ಪ್ರಿ ಸ್ಪರ್ಧೆಗೆ ತಂದ ಟೈಪ್ 35 ಕಾರಿನ ಗಾಲಿಗಳು ಎಂಟು ಚಪ್ಪಟೆ ಕಡ್ಡಿಗಳನ್ನೂ ಬ್ರೇಕ್ ಡ್ರಮ್ಮನ್ನೂ ಒಟ್ಟಾಗಿ ಹೊಂದಿದ್ದ ಅಲ್ಯೂಮಿನಿಯಂ ಎರಕಗಳಾಗಿದ್ದವು, ಮತ್ತು ಮಿಶ್ರಲೋಹದ ಗಾಲಿಗಳ ಚರಿತ್ರೆಯಲ್ಲಿ ಅವುಗಳನ್ನು ಆರಂಭಬಿಂದುವಾಗಿ ಹೆಸರಿಸುವುದು ವಾಡಿಕೆ. ಅಲ್ಯೂಮಿನಿಯಂ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಎಂದರೆ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು. ಗಾಲಿ ಹಗುರವಾದಷ್ಟೂ ಸ್ಪ್ರಿಂಗುಗಳ ಕೆಳಗೆ ಕುಣಿಯುವ ತೂಕ ಕಡಿಮೆಯಾಗಿ, ಉಬ್ಬುತಗ್ಗುಗಳ ಮೇಲೆ ಟೈರು ರಸ್ತೆಯನ್ನು ಬಿಡದೆ ಹಿಡಿಯುತ್ತದೆ.

ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಓಟದ ಕಾರುಗಳಲ್ಲಿ ಇನ್ನೂ ಹಗುರವಾದ ಮೆಗ್ನೀಷಿಯಂ ಗಾಲಿಗಳು ಹರಡಿದವು. ಆ ಲೋಹದ ಹೆಸರಿನ ಮೊದಲ ಭಾಗವಾದ 'ಮ್ಯಾಗ್' ಎಂಬ ಅಡ್ಡಹೆಸರು, ಅಲ್ಯೂಮಿನಿಯಂ ಗಾಲಿಗಳಿಗೂ ಅವುಗಳ ಪಾಲಿಶ್ ಡಬ್ಬಿಗಳಿಗೂ ಅಂಟಿಕೊಂಡು ಇಂದಿಗೂ ಉಳಿದಿದೆ. ಆಲ್ಕೋವಾ ಕಂಪನಿ 1948ರಲ್ಲಿ ಲಾರಿಗಳಿಗಾಗಿ ಫೋರ್ಜಿಂಗ್ ವಿಧಾನದ, ಎಂದರೆ ಕಾಯಿಸಿದ ಗಟ್ಟಿ ಲೋಹವನ್ನು ಭಾರಿ ಒತ್ತಡದಲ್ಲಿ ಅಚ್ಚಿಗೆ ಒತ್ತಿ ರೂಪಿಸುವ ವಿಧಾನದ, ಅಲ್ಯೂಮಿನಿಯಂ ಗಾಲಿಯನ್ನು ತಂದಿತು. ಲೇಪವಿಲ್ಲದ ಇಂಥ ಗಾಲಿಗಳನ್ನು ಬಿಡುವಿನಲ್ಲಿ ತಿಕ್ಕಿ ಹೊಳೆಯಿಸಿಕೊಂಡಿರುವುದು ಅಲ್ಲಿನ ಲಾರಿ ಚಾಲಕರ ಒಂದು ಅಭಿಮಾನದ ರೂಢಿಯಾಯಿತು. ಕಾರುಗಳ ವಲಯದಲ್ಲಿ ಅಮೆರಿಕನ್ ರೇಸಿಂಗ್ ಕಂಪನಿಯ ಐದು ಕಡ್ಡಿಗಳ ಟಾರ್ಕ್ ಥ್ರಸ್ಟ್ ಗಾಲಿ 1960ರ ದಶಕದ ಕ್ಯಾಲಿಫೋರ್ನಿಯದ ಯುವಕರ ಗುರುತಾದರೆ, ಅದೇ ದಶಕದಲ್ಲಿ ಪೋರ್ಷೆ 911 ಎಸ್ ಕಾರಿಗಾಗಿ ಜರ್ಮನಿಯ ಓಟೊ ಫುಕ್ಸ್ ಕಂಪನಿ ತಯಾರಿಸಿದ ಫೋರ್ಜಿಂಗ್ ಗಾಲಿ ಯೂರೋಪಿನ ಮಾದರಿಯಾಯಿತು. ಹಳೆಯ ಕಾರುಗಳನ್ನು ಪುನರುಜ್ಜೀವನಗೊಳಿಸುವವರು ಈ ಗಾಲಿಗಳನ್ನು ಮನೆಯಲ್ಲೇ ಉಜ್ಜತೊಡಗಿದಾಗ ಈ ಕೈಕೆಲಸಕ್ಕೆ ಇಂದಿನ ಕ್ರಮಬದ್ಧ ರೂಪ ಬಂತು. ಭಾರತದಲ್ಲಿ 1990ರ ದಶಕದ ಬಳಿಕ ಅಲಾಯ್ ವೀಲ್ ಎಂಬ ಹೆಸರಿನಲ್ಲಿ ಈ ಗಾಲಿಗಳು ಸಾಮಾನ್ಯ ಕಾರುಗಳಿಗೂ ಬಂದವು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಲ್ಲಿ ಅವುಗಳ ಮಾರಾಟವೂ ದುರಸ್ತಿಯೂ ಒಂದು ಕಸುಬಾಗಿ ಬೆಳೆದಿವೆ.

ಲೋಹ ಮತ್ತು ಅದರ ಮೇಲ್ಮೈ

ಇಂದಿನ ಬಹುಪಾಲು ಗಾಲಿಗಳು ಕರಗಿದ ಲೋಹವನ್ನು ಅಲ್ಪ ಒತ್ತಡದಲ್ಲಿ ಅಚ್ಚಿಗೆ ಏರಿಸಿ ಎರಕ ಹೊಯ್ದವು. ಇದಕ್ಕೆ ಬಳಸುವ ಎ356 ಎಂಬ ಮಿಶ್ರಲೋಹದಲ್ಲಿ ಅಲ್ಯೂಮಿನಿಯಂ ಜೊತೆಗೆ ಸುಮಾರು ಶೇ. 7ರಷ್ಟು ಸಿಲಿಕಾನ್ ಮತ್ತು ಶೇ. 0.3ರಷ್ಟು ಮೆಗ್ನೀಷಿಯಂ ಇರುತ್ತವೆ. ಸಿಲಿಕಾನ್ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡಿದರೆ, ಮೆಗ್ನೀಷಿಯಂ ಉಷ್ಣೋಪಚಾರದಿಂದ ಲೋಹ ಗಡುಸಾಗಲು ಅನುವು ಮಾಡಿಕೊಡುತ್ತದೆ. ಟಿ6 ಎಂದು ಕರೆಯುವ ಈ ಉಪಚಾರದಲ್ಲಿ ಗಾಲಿಯನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿನಲ್ಲಿ ಥಟ್ಟನೆ ತಣಿಸಿ, ಮತ್ತೆ 150ರಿಂದ 180 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇರಿಸುತ್ತಾರೆ. ದುಬಾರಿ ಬೆಲೆಯ ಫೋರ್ಜಿಂಗ್ ಗಾಲಿಗಳಿಗೆ ಸಾಮಾನ್ಯವಾಗಿ 6061 ಎಂಬ ಮಿಶ್ರಲೋಹ ಒದಗುತ್ತದೆ. ಈ ಎರಡು ಬಗೆಗಳ ವ್ಯತ್ಯಾಸ ಉಜ್ಜುವವರ ಕೈಗೆ ಬೇಗ ತಿಳಿಯುತ್ತದೆ: ಫೋರ್ಜಿಂಗ್ ಗಾಲಿಯ ಒತ್ತಾದ ಮೈ ಸಮನಾಗಿ ಸವೆದು ಆಳವಾದ ಹೊಳಪನ್ನು ಪಡೆದರೆ, ಎರಕದ ಗಾಲಿಯಲ್ಲಿ ಅನಿಲ ಸಿಲುಕಿ ಉಂಟಾದ ಸೂಜಿಮೊನೆಯಷ್ಟು ರಂಧ್ರಗಳು ಉಜ್ಜಿದಂತೆಲ್ಲ ತೆರೆದುಕೊಳ್ಳಬಹುದು, ಗಡುಸಾದ ಸಿಲಿಕಾನ್ ಕಣಗಳೂ ಮೆದುವಾದ ಸುತ್ತಲಿನ ಲೋಹವೂ ಬೇರೆ ಬೇರೆ ಪ್ರಮಾಣದಲ್ಲಿ ಸವೆಯುವುದರಿಂದ ಹೊಳಪಿನಲ್ಲಿ ತುಸು ಬೂದು ಛಾಯೆ ಉಳಿಯಬಹುದು.

ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಪಾರದರ್ಶಕ ಆಕ್ಸೈಡ್ ಪದರ ಮೂಡುತ್ತದೆ. ಕಬ್ಬಿಣದ ತುಕ್ಕು ಉದುರಿ ಒಳಗಿನ ಲೋಹವನ್ನು ಮತ್ತೆ ಮತ್ತೆ ತೆರೆದಿಟ್ಟರೆ, ಈ ಪದರ ಬಿಗಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಆದರೆ ಪಿಹೆಚ್ ಮೌಲ್ಯ ಸುಮಾರು 4ಕ್ಕಿಂತ ಕೆಳಗಿರುವ ಆಮ್ಲಗಳಲ್ಲೂ 8.5ಕ್ಕಿಂತ ಮೇಲಿರುವ ಕ್ಷಾರಗಳಲ್ಲೂ ಅದು ಕರಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ಭೇದಿಸಿ ಗುಳಿಗಳನ್ನು ಕೊರೆಯುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಯೂರೋಪ್ ಮತ್ತು ಉತ್ತರ ಅಮೆರಿಕದ ಭಾಗಗಳಲ್ಲಿ ಗಾಲಿಗಳು ಬೇಗ ಮಂಕಾಗುವುದಕ್ಕೆ ಇದೇ ಕಾರಣ. ಮಂಗಳೂರು, ಕಾರವಾರಗಳಂಥ ಕರಾವಳಿ ಊರುಗಳಲ್ಲಿ ಅದೇ ಕೆಲಸವನ್ನು ಕಡಲಗಾಳಿಯ ಉಪ್ಪು ಮಾಡುತ್ತದೆ. ಬ್ರೇಕ್ ಹಾಕಿದಾಗ ಪ್ಯಾಡು ಮತ್ತು ಡಿಸ್ಕುಗಳಿಂದ ಸವೆದು ಹಾರುವ ಬಿಸಿಯಾದ ಕಬ್ಬಿಣದ ಕಣಗಳು ಗಾಲಿಯ ಮೈಗೆ ಹತ್ತಿಕೊಂಡು ತುಕ್ಕು ಹಿಡಿಯುವುದು ಮಂಕಿಗೆ ಇನ್ನೊಂದು ಕಾರಣ.

ಹೊಳಪಿನ ತತ್ತ್ವ

ನುಣುಪಾದ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸುಮಾರು ಶೇ. 90ರಷ್ಟನ್ನು ಹಿಂದಿರುಗಿಸಬಲ್ಲದು. ಮಂಕಾದ ಗಾಲಿಯೂ ಬೆಳಕಿನ ದೊಡ್ಡ ಪಾಲನ್ನು ಹಿಂದಿರುಗಿಸುತ್ತದೆ, ಆದರೆ ಎಲ್ಲ ದಿಕ್ಕುಗಳಿಗೂ ಚದುರಿಸಿ. ಹೊಳೆಯುವ ಗಾಲಿ ಒಂದೇ ದಿಕ್ಕಿಗೆ ಹಿಂದಿರುಗಿಸುವುದರಿಂದ ಅದರಲ್ಲಿ ಪ್ರತಿಬಿಂಬ ಮೂಡುತ್ತದೆ. ಗೋಚರ ಬೆಳಕಿನ ಅಲೆಯುದ್ದ ಸುಮಾರು 0.4ರಿಂದ 0.7 ಮೈಕ್ರಾನ್, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಭೌತವಿಜ್ಞಾನಿ ಲಾರ್ಡ್ ರೇಲಿಯ ಹೆಸರಿನಲ್ಲಿ ರೂಢಿಯಾಗಿರುವ ಮಾನದಂಡದಂತೆ ಮೇಲ್ಮೈಯ ಏರಿಳಿತ ಅಲೆಯುದ್ದದ ಎಂಟನೆಯ ಒಂದು ಪಾಲಿಗಿಂತ ಕಡಿಮೆ ಇದ್ದರೆ ಅದು ನೇರವಾಗಿ ಬಿದ್ದ ಬೆಳಕಿಗೆ ಕನ್ನಡಿಯಾಗಿ ವರ್ತಿಸುತ್ತದೆ. ಬೆಳಕು ಓರೆಯಾಗಿ ಬಿದ್ದಷ್ಟೂ ಈ ಷರತ್ತು ಸಡಿಲವಾಗುತ್ತದೆ. ಪಕ್ಕದಿಂದ ನೋಡಿದಾಗ ಹೊಳೆಯುವ ಅರ್ಧ ಮುಗಿದ ಗಾಲಿ ನೇರವಾಗಿ ನೋಡಿದಾಗ ಹೊಗೆ ಕವಿದಂತೆ ಕಾಣುವುದು ಇದರಿಂದಲೇ, ಆದ್ದರಿಂದ ಕೆಲಸದ ಗುಣವನ್ನು ಎದುರಿನಿಂದ, ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸಬೇಕಾಗುತ್ತದೆ.

ಪಾಲಿಶ್ ಮಾಡುವಾಗ ಲೋಹಕ್ಕೆ ನಿಜವಾಗಿ ಏನಾಗುತ್ತದೆ ಎಂಬುದು ಬಹುಕಾಲ ಚರ್ಚೆಯ ವಿಷಯವಾಗಿತ್ತು. ಗಾಜಿನ ಪಾಲಿಶ್ ಕುರಿತು ಬರೆದ ಐಸಾಕ್ ನ್ಯೂಟನ್ ಅದನ್ನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೀರುವಿಕೆ ಎಂದೇ ಭಾವಿಸಿದ್ದ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬ್ರಿಟನ್ನಿನ ಜಾರ್ಜ್ ಬೀಲ್ಬಿ, ಉಜ್ಜುವಾಗ ಮೇಲ್ಪದರ ದ್ರವದಂತೆ ಹರಿದು ಗೀರುಗಳನ್ನು ಮುಚ್ಚುತ್ತದೆ ಎಂದು ವಾದಿಸಿದ. ಲೋಹಗಳ ಪಾಲಿಶ್ ಬಹುಮಟ್ಟಿಗೆ ಸೂಕ್ಷ್ಮವಾದ ಕತ್ತರಿಸುವಿಕೆ ಎಂದೂ ಅದರ ಜೊತೆಗೆ ಮೇಲ್ಪದರದ ರೂಪ ಕೆಡುವುದೂ ಉಂಟೆಂದೂ ಮುಂದಿನ ಸಂಶೋಧನೆಗಳು ತೋರಿಸಿಕೊಟ್ಟವು. ಪ್ರತಿ ಹಂತದ ಕಾಗದ ಗೀರಿನ ಕೆಳಗೂ ಲೋಹವನ್ನು ತುಸು ಆಳದವರೆಗೆ ಕದಡುತ್ತದೆ. ಮುಂದಿನ ಹಂತ ಆ ಪದರವನ್ನೂ ತೆಗೆದಾಗಲೇ ಹಿಂದಿನದು ನಿಜವಾಗಿ ಅಳಿಯುತ್ತದೆ. ಮನೆಗಳಲ್ಲಿ ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ರೂಢಿ ಇದರಿಂದ ಬೇರೆಯಾದ ರಾಸಾಯನಿಕ ಕ್ರಿಯೆ. ಹುಳಿ ಕಿಲುಬನ್ನು ಕರಗಿಸಬಲ್ಲದು, ಗೀರನ್ನು ಅಳಿಸಲಾರದು. ಗಾಲಿಯಲ್ಲಿ ಬಹುಮಟ್ಟಿಗೆ ಅಳಿಯಬೇಕಾದದ್ದು ಗೀರು.

ಗಾಲಿಯ ಬಗೆಯನ್ನು ಗುರುತಿಸುವುದು

ಎಲ್ಲ ಬೆಳ್ಳಿಬಣ್ಣದ ಗಾಲಿಗಳೂ ಪಾಲಿಶ್‌ಗೆ ಒಗ್ಗುವುದಿಲ್ಲ. ಮಾರುಕಟ್ಟೆಯ ಹೆಚ್ಚಿನ ಗಾಲಿಗಳ ಮೇಲೆ ಬಣ್ಣವೂ ಅದರ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪವೂ ಇರುತ್ತವೆ. ಡೈಮಂಡ್ ಕಟ್ ಎಂದು ಕರೆಯುವ ಗಾಲಿಗಳ ಮುಖವನ್ನು ಲೇತ್ ಯಂತ್ರದಲ್ಲಿ ತೆಳುವಾಗಿ ತುರಿದು, ಗ್ರಾಮೊಫೋನ್ ತಟ್ಟೆಯ ಗೆರೆಗಳಂಥ ಸುತ್ತುಗೆರೆಗಳನ್ನು ಹಾಗೆಯೇ ಉಳಿಸಿ ಮೇಲೆ ಕ್ಲಿಯರ್ ಕೋಟ್ ಕೊಟ್ಟಿರುತ್ತಾರೆ. ಇಂಥದನ್ನು ಉಜ್ಜಿದರೆ ಆ ಗೆರೆಗಳು ಅಳಿದುಹೋಗುತ್ತವೆ ಮತ್ತು ಕೈಯಿಂದ ಅವನ್ನು ಮತ್ತೆ ಮೂಡಿಸಲು ಬರುವುದಿಲ್ಲ. ಕ್ರೋಮ್ ಲೇಪದ ಗಾಲಿಗಳನ್ನು ಉಜ್ಜಲೇಬಾರದು, ಏಕೆಂದರೆ ತೆಳುವಾದ ಕ್ರೋಮಿಯಂ ಮತ್ತು ಅದರ ಕೆಳಗಿನ ನಿಕ್ಕಲ್ ಪದರಗಳು ಹರಿದರೆ ಲೇಪವೆಲ್ಲ ಸಿಪ್ಪೆಯೇಳುತ್ತದೆ. ಹಳೆಯ ಫುಕ್ಸ್ ಗಾಲಿಗಳಂಥವು ಆನೊಡೈಸ್ ಆದವು, ಎಂದರೆ ವಿದ್ಯುತ್ತಿನ ನೆರವಿನಿಂದ ಆಕ್ಸೈಡ್ ಪದರವನ್ನು ಹಲವು ಮೈಕ್ರಾನ್‌ಗಳಷ್ಟು ದಪ್ಪವಾಗಿ ಬೆಳೆಸಿದವು. ಆ ಪದರ ಲೋಹಕ್ಕಿಂತ ಬಹಳ ಗಡುಸಾದುದರಿಂದ ಅದನ್ನು ಕೈಯಿಂದ ತೆಗೆಯುವುದು ತುಂಬ ಶ್ರಮದ ಕೆಲಸ, ತೆಗೆದ ಮೇಲೆ ಅದು ಕೊಡುತ್ತಿದ್ದ ರಕ್ಷಣೆಯೂ ಹೋಗುತ್ತದೆ.

ಲೇಪವಿದೆಯೇ ಇಲ್ಲವೇ ಎಂಬುದಕ್ಕೆ ಒಂದು ಸರಳ ಪರೀಕ್ಷೆಯಿದೆ. ಮರೆಯಾದ ಒಂದು ಜಾಗದಲ್ಲಿ ಲೋಹದ ಪಾಲಿಶ್ ಹಚ್ಚಿ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಟ್ಟೆ ಕ್ಷಣದಲ್ಲೇ ಕಪ್ಪಾದರೆ ಕೆಳಗಿರುವುದು ಬರಿಯ ಅಲ್ಯೂಮಿನಿಯಂ. ಪಾಲಿಶ್ ತನ್ನ ಬಣ್ಣದಲ್ಲೇ ಉಳಿದರೆ ಮೇಲೆ ಲೇಪವಿದೆ ಎಂದರ್ಥ. ಲೇಪ ಒಡೆದ ಜಾಗದಿಂದ ತೇವ ಒಳನುಸುಳಿದಾಗ ಅದರಡಿಯಲ್ಲಿ ಹುಳು ತೆವಳಿದ ಜಾಡಿನಂತೆ ಬಿಳಿಯ ಎಳೆಗಳು ಹಬ್ಬುವುದುಂಟು. ಎಳೆಸವೆತ ಎನ್ನಬಹುದಾದ ಈ ಬಾಧೆ ಕಂಡರೆ ಆ ಭಾಗದ ಲೇಪವನ್ನೆಲ್ಲ ತೆಗೆಯದೆ ಬೇರೆ ದಾರಿಯಿಲ್ಲ.

ಸಿದ್ಧತೆ ಮತ್ತು ಲೇಪ ತೆಗೆಯುವಿಕೆ

ಗಾಲಿಯನ್ನು ಕಾರಿನಿಂದ ಕಳಚಿ ಕೆಲಸ ಮಾಡುವುದು ಸುರಕ್ಷಿತವೂ ಅನುಕೂಲವೂ ಆದದ್ದು. ಕಾರಿನಲ್ಲೇ ಇರುವಾಗ ಉಜ್ಜಿದರೆ ಕಡ್ಡಿಗಳ ಸಂದುಗಳಿಗೆ ಕೈ ಹೋಗುವುದಿಲ್ಲ, ಪಾಲಿಶ್ ಅಥವಾ ಮೇಣ ಬ್ರೇಕ್ ಡಿಸ್ಕಿಗೆ ತಾಗುವ ಅಪಾಯವೂ ಇದೆ. ಸಮತಟ್ಟಾದ ನೆಲದಲ್ಲಿ ಜಾಕ್ ಏರಿಸಿ, ಕಾರಿನ ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಿದ ಬಳಿಕ ಗಾಲಿಯನ್ನು ಬಿಚ್ಚಿ, ಸಾಬೂನು ನೀರು ಮತ್ತು ಬ್ರಷ್‌ನಿಂದ ಒಳಹೊರಗೆಲ್ಲ ತೊಳೆಯಬೇಕು. ಈ ತೊಳೆತ ಕಾಟಾಚಾರದ್ದಲ್ಲ: ಮೈಗೆ ಅಂಟಿದ ಬ್ರೇಕ್ ಧೂಳೂ ಮರಳೂ ಮುಂದೆ ಕಾಗದದ ಅಡಿಗೆ ಸಿಕ್ಕಿ ಹೊಸ ಗೀರುಗಳನ್ನು ಕೆತ್ತುತ್ತವೆ. ಟೈರನ್ನು ಕಳಚದಿದ್ದರೆ ಅದರ ಅಂಚಿಗೂ ಗಾಳಿಯ ವಾಲ್ವಿಗೂ ಮಾಸ್ಕಿಂಗ್ ಟೇಪ್ ಸುತ್ತುವುದು ರೂಢಿ. ಬ್ಯಾಲೆನ್ಸಿಂಗ್ ತೂಕದ ತುಂಡುಗಳನ್ನು ತೆಗೆದರೆ ಗಾಲಿಯನ್ನು ಮತ್ತೆ ಬ್ಯಾಲೆನ್ಸ್ ಮಾಡಿಸಬೇಕಾಗುತ್ತದೆ.

ಲೇಪ ತೆಗೆಯಲು ಪೇಂಟ್ ರಿಮೂವರ್ ಎಂಬ ಜೆಲ್ ರೂಪದ ದ್ರಾವಕವನ್ನು ಹಚ್ಚಿ, ಅದು ಗುಳ್ಳೆಯೆದ್ದು ಸುಕ್ಕಾದಾಗ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯುತ್ತಾರೆ. ಉಕ್ಕಿನ ಉಪಕರಣ ಮೆದು ಲೋಹವನ್ನು ಕೆತ್ತಿಬಿಡುತ್ತದೆ. ಹಿಂದೆ ಇಂಥ ದ್ರಾವಕಗಳ ಮುಖ್ಯ ಅಂಶವಾಗಿದ್ದ ಡೈಕ್ಲೋರೋಮೀಥೇನ್ ಆವಿ ಮುಚ್ಚಿದ ಕೋಣೆಗಳಲ್ಲಿ ಪ್ರಾಣಾಪಾಯ ತಂದುದರಿಂದ ಯೂರೋಪಿಯನ್ ಒಕ್ಕೂಟ ಅದರ ಬಳಕೆಯನ್ನು ನಿರ್ಬಂಧಿಸಿತು, ಅಮೆರಿಕ 2019ರಲ್ಲಿ ಮನೆಬಳಕೆಯ ಮಾರಾಟವನ್ನು ನಿಷೇಧಿಸಿತು. ಆದ್ದರಿಂದ ಬಯಲಿನಲ್ಲಿ, ರಾಸಾಯನಿಕವನ್ನು ತಡೆಯುವ ಕೈಗವಸು ಮತ್ತು ಕನ್ನಡಕ ಧರಿಸಿ ಈ ಕೆಲಸ ಮಾಡಬೇಕು. ಕಾಸ್ಟಿಕ್ ಸೋಡಾ ಮತ್ತು ಅದು ಬೆರೆತ ಓವನ್ ಕ್ಲೀನರ್‌ಗಳು ಅಲ್ಯೂಮಿನಿಯಂ ಅನ್ನೇ ಕರಗಿಸಿ, ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಬಿಡುತ್ತವೆ. ಹೈಡ್ರೋಫ್ಲೋರಿಕ್ ಆಮ್ಲವಿರುವ ಗಾಲಿ ತೊಳೆಯುವ ದ್ರವಗಳು ಚರ್ಮದ ಮೂಲಕ ಒಳಸೇರಿ ಗಂಭೀರ ಗಾಯ ಮಾಡುತ್ತವೆ. ಇವೆರಡೂ ಮನೆಯ ಕೆಲಸಕ್ಕೆ ತಕ್ಕವಲ್ಲ. ದ್ರಾವಕವನ್ನು ಬಳಸದೆ ಒರಟು ಕಾಗದದಿಂದಲೇ ಲೇಪವನ್ನು ಉಜ್ಜಿ ತೆಗೆಯಬಹುದಾದರೂ ಅದಕ್ಕೆ ಹಲವು ಪಟ್ಟು ಸಮಯ ಬೇಕು.

ಮರಳು ಕಾಗದ ಮತ್ತು ಅದರ ನಂಬರು

ಮರಳು ಕಾಗದ ಎಂಬ ಹೆಸರು ಉಳಿದಿದ್ದರೂ ಇಂದಿನ ಕಾಗದದಲ್ಲಿ ಮರಳಿಲ್ಲ. ಅಂಗಡಿಗಳಲ್ಲಿ ಎಮರಿ ಪೇಪರ್ ಎಂದೂ ನೀರಿನಲ್ಲಿ ಬಳಸುವಂಥದನ್ನು ವಾಟರ್ ಪೇಪರ್ ಎಂದೂ ಕರೆಯುತ್ತಾರೆ. ಗಾಲಿಯ ಕೆಲಸಕ್ಕೆ ಒದಗುವುದು ನೀರು ತಡೆಯುವ ಹಾಳೆಯ ಮೇಲೆ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಅಂಟಿಸಿದ ಕಪ್ಪು ಕಾಗದ. ಈ ಸಂಯುಕ್ತವನ್ನು ಅಮೆರಿಕದ ಎಡ್ವರ್ಡ್ ಆಚೆಸನ್ 1891ರಲ್ಲಿ ತಯಾರಿಸಿ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಅದನ್ನು ನೀರಿನೊಂದಿಗೆ ಬಳಸುವ ಕಾಗದ 1921ರಲ್ಲಿ ಫ್ರಾನ್ಸಿಸ್ ಓಕಿಯ ಸಂಶೋಧನೆಯ ಫಲವಾಗಿ 3ಎಂ ಕಂಪನಿಯಿಂದ ಹೊರಬಂದು, ಕಾರುಗಳಿಗೆ ಬಣ್ಣ ಬಳಿಯುವ ಕಾರ್ಖಾನೆಗಳನ್ನು ಧೂಳಿನಿಂದ ಪಾರುಮಾಡಿತು. ಇನ್ನೊಂದು ಮುಖ್ಯ ಉಜ್ಜುವಸ್ತು ಅಲ್ಯೂಮಿನಾ, ಎಂದರೆ ಅಲ್ಯೂಮಿನಿಯಂ ಆಕ್ಸೈಡ್. ಬಾಕ್ಸೈಟ್ ಅದಿರನ್ನು ಶುದ್ಧೀಕರಿಸಿ ಇದನ್ನು ಪಡೆಯುತ್ತಾರೆ. ಕರ್ನಾಟಕದ ಬೆಳಗಾವಿಯಲ್ಲಿರುವ ಹಿಂಡಾಲ್ಕೊ ಕಂಪನಿಯ ಸ್ಥಾವರ ವಿಶೇಷ ದರ್ಜೆಯ ಅಲ್ಯೂಮಿನಾಗಳಿಗೆ ಹೆಸರಾಗಿದೆ. ಮೋಸ್ ಗಡಸುತನದ ಮಾಪಕದಲ್ಲಿ ಅಲ್ಯೂಮಿನಿಯಂ ಸ್ಥಾನ 3ಕ್ಕೂ ಕೆಳಗಿದ್ದರೆ ಅದರ ಆಕ್ಸೈಡಿನದು 9. ಹೀಗೆ ಅಲ್ಯೂಮಿನಿಯಂ ಗಾಲಿಗೆ ಕೊನೆಯ ಹೊಳಪನ್ನು ತರುವ ಪುಡಿ ಅನೇಕ ವೇಳೆ ಅದೇ ಲೋಹದ ಆಕ್ಸೈಡೇ ಆಗಿರುತ್ತದೆ.

ಕಾಗದದ ಹಿಂಬದಿಯ ನಂಬರು ಹೆಚ್ಚಿದಷ್ಟೂ ಕಣ ಸಣ್ಣದು. ಯೂರೋಪಿನ ಪಿ ಶ್ರೇಣಿಯಂತೆ ಪಿ240 ಕಾಗದದ ಕಣದ ಸರಾಸರಿ ಗಾತ್ರ 58.5 ಮೈಕ್ರಾನ್, ಪಿ400ರದು 35, ಪಿ600ರದು 25.8, ಪಿ1000ದ್ದು 18.3, ಪಿ1500ರದು 12.6, ಪಿ2000ದ್ದು 10.3. ಅಮೆರಿಕದ ಹಳೆಯ ಶ್ರೇಣಿಯಲ್ಲಿ ಪಿ ಅಕ್ಷರವಿರುವುದಿಲ್ಲ, ಮತ್ತು ಮೇಲಿನ ನಂಬರುಗಳಲ್ಲಿ ಎರಡಕ್ಕೂ ಬಹಳ ಅಂತರವಿದೆ. ಪಿ ಅಕ್ಷರವಿಲ್ಲದ 600 ನಂಬರಿನ ಕಾಗದ ಹೆಚ್ಚುಕಡಿಮೆ ಪಿ1200ಕ್ಕೆ ಸಮ. ಎರಡು ಶ್ರೇಣಿಗಳ ಹಾಳೆಗಳನ್ನು ಬೆರೆಸಿದರೆ ಮುಂದೆ ಸಾಗಿದೆನೆಂದು ಭಾವಿಸಿದವರು ಹಿಂದಕ್ಕೆ ಹೋಗಿರುವುದು ಅಸಾಧ್ಯವೇನಲ್ಲ.

ಉಜ್ಜುವ ಕ್ರಮ

ಯಾವ ನಂಬರಿನಿಂದ ಆರಂಭಿಸಬೇಕೆಂಬುದನ್ನು ಗಾಲಿಯ ಸ್ಥಿತಿಯೇ ನಿರ್ಧರಿಸುತ್ತದೆ. ಬರೀ ಮಂಕಾಗಿರುವ ಗಾಲಿಗೆ ಪಿ800 ಅಥವಾ ಪಿ1000 ಸಾಕಾಗಬಹುದು. ಗುಳಿಬಿದ್ದ ಗಾಲಿಗೆ ಪಿ320 ಅಥವಾ ಪಿ400 ಬೇಕಾಗುತ್ತದೆ. ಫುಟ್‌ಪಾತಿನ ಕಲ್ಲಿಗೆ ಒರಸಿ ಅಂಚು ತರಚಿದ್ದರೆ ಅಥವಾ ಅಚ್ಚಿನಿಂದ ಬಂದ ಒರಟು ಮೈಯನ್ನು ನುಣುಪುಗೊಳಿಸುವುದಿದ್ದರೆ ಮಾತ್ರ ಪಿ120ರಷ್ಟು ಕೆಳಕ್ಕೆ ಇಳಿಯುತ್ತಾರೆ. ಅಗತ್ಯಕ್ಕಿಂತ ಒರಟಾದ ಕಾಗದದಿಂದ ತೊಡಗಿದರೆ ಅದು ಕೊರೆದ ಆಳದ ಗೀರುಗಳನ್ನು ಅಳಿಸುವುದಕ್ಕೇ ಮುಂದಿನ ಶ್ರಮವೆಲ್ಲ ವೆಚ್ಚವಾಗುವುದರಿಂದ, ಮೊದಲು ನುಣುಪಾದ ಕಾಗದವನ್ನು ಸಣ್ಣ ಜಾಗದಲ್ಲಿ ಪರೀಕ್ಷಿಸಿ, ದೋಷ ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಕೆಳಗಿಳಿಯುವುದು ಒಳ್ಳೆಯ ಕ್ರಮ. ಅಲ್ಲಿಂದ ಪಿ400, ಪಿ600, ಪಿ800, ಪಿ1000, ಪಿ1500, ಪಿ2000 ಎಂಬ ಸರಣಿಯಲ್ಲಿ, ಯಾವ ಮೆಟ್ಟಿಲನ್ನೂ ಹಾರದೆ ಮೇಲೇರಬೇಕು. ನಡುವಿನ ಒಂದು ಹಂತವನ್ನು ಬಿಟ್ಟು ಉಳಿಸಿದ ಸಮಯಕ್ಕಿಂತ ಹೆಚ್ಚಿನದನ್ನು ಮುಂದಿನ ಹಂತ ವಸೂಲಿಮಾಡುತ್ತದೆ, ಏಕೆಂದರೆ ಸಣ್ಣ ಕಣಗಳು ದೊಡ್ಡ ಗೀರಿನ ತಳವನ್ನು ಮುಟ್ಟಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ.

ಕಾಗದವನ್ನು ಬಳಸುವ ಮೊದಲು ಕಾಲು ಗಂಟೆಯಷ್ಟಾದರೂ ನೀರಿನಲ್ಲಿ ನೆನೆಸಿಟ್ಟರೆ ಅದು ಮೆತ್ತಗಾಗಿ ತಿರುವುಗಳಿಗೆ ಹೊಂದಿಕೊಳ್ಳುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಬೆರೆಸುವುದರ ಕಾರಣ ಅಲ್ಯೂಮಿನಿಯಂ ಗುಣದಲ್ಲಿದೆ: ಮೆದುವಾದ ಈ ಲೋಹದ ಚೂರುಗಳು ಕಾಗದದ ಕಣಗಳ ನಡುವೆ ಅಂಟಿ, ಉಂಡೆಗಟ್ಟಿ, ಆ ಉಂಡೆಗಳೇ ಮೈಯಲ್ಲಿ ಆಳವಾದ ಗೀರು ಎಳೆಯುತ್ತವೆ, ಸಾಬೂನಿನ ನೀರು ಚೂರುಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ಜೊತೆಗೆ ಧೂಳೇಳದಂತೆ ತಡೆಯುತ್ತದೆ. ಅಗಲವಾದ ಅಂಚಿಗೆ ಕಾಗದವನ್ನು ರಬ್ಬರ್ ಅಥವಾ ಗಟ್ಟಿ ಸ್ಪಂಜಿನ ತುಂಡಿಗೆ ಸುತ್ತಿ ಉಜ್ಜಿದರೆ ಒತ್ತಡ ಸಮನಾಗಿ ಹಂಚಿಕೆಯಾಗುತ್ತದೆ. ಬರಿಯ ಬೆರಳುಗಳಿಂದ ಒತ್ತಿದರೆ ಬೆರಳಿನ ಅಗಲದ ತಗ್ಗುಗಳು ಬಿದ್ದು, ಹೊಳಪು ಬಂದ ಮೇಲೆ ಪ್ರತಿಬಿಂಬದಲ್ಲಿ ಅಲೆಗಳಾಗಿ ಕಾಣುತ್ತವೆ. ಕಡ್ಡಿಗಳ ಸಂದಿನ ತಿರುವುಗಳಿಗೆ ಕಾಗದವನ್ನು ರಬ್ಬರ್ ನಳಿಕೆಯ ತುಂಡಿಗೆ ಸುತ್ತುತ್ತಾರೆ. ನಟ್ಟಿನ ಗುಳಿಗಳ ಸುತ್ತಲಿನ ಇಕ್ಕಟ್ಟಿಗೆ ಮೂರು ಮಡಿಕೆ ಮಾಡಿದ ಸಣ್ಣ ಚೂರು ಸಾಕು.

ಕೆಲಸದ ಕೇಂದ್ರ ನಿಯಮ ದಿಕ್ಕನ್ನು ಬದಲಿಸುವುದು. ಒಂದು ನಂಬರಿನ ಕಾಗದವನ್ನು ಒಂದೇ ದಿಕ್ಕಿನಲ್ಲಿ ಎಳೆದು, ಮುಂದಿನದನ್ನು ಅದಕ್ಕೆ ಅಡ್ಡಲಾಗಿ ಎಳೆದರೆ, ಹಿಂದಿನ ಹಂತದ ಗೀರುಗಳು ಹೊಸವುಗಳ ನಡುವೆ ಅಡ್ಡಗೆರೆಗಳಾಗಿ ಎದ್ದು ಕಾಣುತ್ತವೆ. ಅವು ಪೂರ್ತಿ ಮರೆಯಾಗುವವರೆಗೆ ಮುಂದಕ್ಕೆ ಹೋಗಬಾರದು. ಕೊನೆಯ ಹಂತದಲ್ಲಿ ಮಾತ್ರ ಗಾಲಿಯ ಸುತ್ತಿನ ದಿಕ್ಕನ್ನೇ ಅನುಸರಿಸುತ್ತಾರೆ, ಉಳಿದಿರಬಹುದಾದ ಸೂಕ್ಷ್ಮ ಗೆರೆಗಳು ಆಕಾರದೊಂದಿಗೆ ಬೆರೆತು ಕಣ್ಣಿಗೆ ಬೀಳುವುದಿಲ್ಲ ಎಂಬ ಕಾರಣಕ್ಕೆ. ಪ್ರತಿ ನಂಬರು ಮುಗಿದಾಗ ಗಾಲಿ, ಕೈ, ಬಕೆಟ್ ಮೂರನ್ನೂ ತೊಳೆದು ನೀರು ಬದಲಿಸುವುದು ಕಡ್ಡಾಯ; ಪಿ400 ಕಾಗದದಿಂದ ಉದುರಿದ ಒಂದೇ ಕಣ ಪಿ2000 ಹಂತದಲ್ಲಿ ಸಿಕ್ಕಿಬಿದ್ದರೆ ಅದು ಎಳೆದ ಗೀರಿಗಾಗಿ ಎರಡು ಮೂರು ಹಂತ ಹಿಂದಕ್ಕೆ ಹೋಗಬೇಕಾಗುತ್ತದೆ. ಒದ್ದೆ ಮೈ ಗೀರುಗಳನ್ನು ಮರೆಮಾಡಿ ಹುಸಿ ಹೊಳಪನ್ನು ತೋರಿಸುವುದರಿಂದ ಪರೀಕ್ಷೆಗೆ ಮುನ್ನ ಗಾಲಿಯನ್ನು ಒರೆಸಿ ಒಣಗಿಸಬೇಕು.

ಗಾಲಿಯ ಕೆಲವು ಭಾಗಗಳನ್ನು ಉಜ್ಜಬಾರದು. ಟೈರು ಕುಳಿತು ಗಾಳಿಯನ್ನು ಹಿಡಿದಿಡುವ ಒಳಅಂಚು, ಹಬ್ಬಿಗೆ ಒತ್ತಿ ಕೂರುವ ಹಿಂಬದಿಯ ಮುಖ, ನಟ್ಟುಗಳು ಕೂರುವ ಇಳಿಜಾರು ಗುಳಿಗಳು ಅಳತೆಗೆ ತಕ್ಕಂತೆ ಕಡೆದವು. ಅಲ್ಲಿ ಲೋಹ ಸವೆದರೆ ಗಾಳಿ ಸೋರುವುದು, ಗಾಲಿ ಅದುರುವುದು, ನಟ್ಟು ಸಡಿಲಗೊಳ್ಳುವುದು ಸಾಧ್ಯ. ಅಳತೆ, ಭಾರದ ಮಿತಿ ಮತ್ತು ಜಪಾನಿನ ಜೆಡಬ್ಲ್ಯುಎಲ್‌ನಂಥ ಸುರಕ್ಷತಾ ಮಾನಕದ ಗುರುತುಗಳನ್ನು ಎರಕದಲ್ಲೇ ಮೂಡಿಸಿರುವ ಜಾಗಗಳನ್ನೂ ಹಾಗೆಯೇ ಬಿಡಬೇಕು.

ಪಾಲಿಶ್

ಪಿ2000 ಹಂತ ಮುಗಿದ ಗಾಲಿ ರೇಷ್ಮೆಯಂಥ ನಸುಹೊಳಪಿನಿಂದ ಕಂಡರೂ ಅದರಲ್ಲಿ ಪ್ರತಿಬಿಂಬ ಸ್ಪಷ್ಟವಾಗಿ ಮೂಡುವುದಿಲ್ಲ, ಏಕೆಂದರೆ ಹತ್ತು ಮೈಕ್ರಾನ್ ಕಣ ಬಿಟ್ಟ ಗೀರು ಇನ್ನೂ ಬೆಳಕನ್ನು ಚದುರಿಸುವಷ್ಟು ದೊಡ್ಡದು. ಕಾಗದದ ಕಣಗಳು ಹಾಳೆಗೆ ಬಿಗಿಯಾಗಿ ಅಂಟಿ ಲೋಹವನ್ನು ಉಳುತ್ತವೆ. ಪಾಲಿಶ್ ಪೇಸ್ಟಿನಲ್ಲಿ ಅವಕ್ಕಿಂತ ಎಷ್ಟೋ ಸಣ್ಣದಾದ ಅಲ್ಯೂಮಿನಾ ಅಥವಾ ಸಿಲಿಕಾ ಕಣಗಳು ಎಣ್ಣೆ ಮತ್ತು ಮೇಣಗಳಲ್ಲಿ ತೇಲುತ್ತ, ಬಟ್ಟೆಯ ಮೆತ್ತನೆಯ ಎಳೆಗಳಿಗೆ ಸಿಕ್ಕಿ ಉರುಳುವುದರಿಂದ ಅತ್ಯಲ್ಪ ಆಳಕ್ಕಷ್ಟೇ ಕೊರೆಯುತ್ತವೆ. ಟ್ಯೂಬಿನಲ್ಲೂ ಡಬ್ಬಿಯಲ್ಲೂ ಬರುವ ಪೇಸ್ಟುಗಳು ಕೈಕೆಲಸಕ್ಕೆ ಹೊಂದುತ್ತವೆ. ಬಫಿಂಗ್ ಸೋಪ್ ಎಂದು ಅಂಗಡಿಗಳಲ್ಲಿ ದೊರೆಯುವ ಗಟ್ಟಿ ಬಿಲ್ಲೆಗಳು ಯಂತ್ರದ ಚಕ್ರದ ಬಿಸಿಗೆ ಕರಗಿದಾಗ ಮಾತ್ರ ಕೆಲಸಕ್ಕೆ ಬರುತ್ತವೆ. ಹಿತ್ತಾಳೆಗೆಂದು ತಯಾರಾದ ಕೆಲವು ದ್ರವ ಪಾಲಿಶ್‌ಗಳಲ್ಲಿ ಅಮೋನಿಯಾ ಬೆರೆತಿರುವುದರಿಂದ, ಅಲ್ಯೂಮಿನಿಯಂಗೆ ತಕ್ಕದ್ದೆಂದು ಡಬ್ಬಿಯ ಮೇಲೆ ನಮೂದಿಸಿರುವುದನ್ನೇ ಆರಿಸುವುದು ವಾಸಿ.

ಅಂಗೈಯಗಲದ ಒಂದೊಂದೇ ಭಾಗವನ್ನು ತೆಗೆದುಕೊಂಡು, ಹತ್ತಿಬಟ್ಟೆಯಲ್ಲಿ ತುಸುವೇ ಪೇಸ್ಟ್ ಹಚ್ಚಿ ಒತ್ತಿ ಉಜ್ಜಿದಾಗ ಬಟ್ಟೆಯೂ ಮೈಯೂ ಕಪ್ಪಾಗುತ್ತವೆ. ಈ ಕಪ್ಪು ಕೊಳೆಯಲ್ಲ. ಸವೆದು ಬಂದ ಲೋಹದ ಅತಿ ಸೂಕ್ಷ್ಮ ಕಣಗಳು ಎಣ್ಣೆಯಲ್ಲಿ ಬೆರೆತು ಬೆಳಕನ್ನು ನುಂಗುವುದರಿಂದ ಹಾಗೆ ಕಾಣುತ್ತದೆ, ಮತ್ತು ಅದು ಕೆಲಸ ಸಾಗುತ್ತಿರುವುದರ ಗುರುತು. ಕಪ್ಪು ಒಣಗುವ ಮೊದಲೇ ಶುಭ್ರವಾದ ಬಟ್ಟೆಯ ಹೊಸ ಮಗ್ಗುಲಿನಿಂದ ಒರೆಸಿ, ಇದೇ ಕ್ರಮವನ್ನು ಎರಡು ಮೂರು ಬಾರಿ ಮಾಡಿ, ಕೊನೆಗೆ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಉಜ್ಜುತ್ತಾರೆ. ಉಕ್ಕಿನ ಉಣ್ಣೆಯನ್ನು ಬಳಸಿದರೆ ಅದರ ಚೂರುಗಳು ಮೆದು ಲೋಹದಲ್ಲಿ ನೆಟ್ಟು, ಮುಂದೆ ತುಕ್ಕಿನ ಚುಕ್ಕೆಗಳಾಗಿ ಹೊರಬರಬಹುದು.

ರಕ್ಷಣೆ ಮತ್ತು ನಿರ್ವಹಣೆ

ಪಾಲಿಶ್ ಮುಗಿದ ಗಾಲಿ ಕಾರ್ಖಾನೆಯ ಲೇಪವನ್ನು ಕಳೆದುಕೊಂಡ ಬರಿಮೈಯ ಲೋಹ. ಅದರ ಹೊಳಪನ್ನು ಉಳಿಸಿಕೊಳ್ಳುವ ಮಾರ್ಗಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಬೆಲೆಯಿದೆ. ಕಾರ್ನೂಬಾ ತಾಳೆಯ ಮೇಣ ಅಥವಾ ಕೃತಕ ಸೀಲಂಟ್ ಹಚ್ಚಿದರೆ ಹೊಳಪಿನ ಆಳ ಕುಂದುವುದಿಲ್ಲ, ಆದರೆ ಬ್ರೇಕಿನ ಬಿಸಿಗೂ ಮಳೆನೀರಿಗೂ ಸಿಕ್ಕುವ ಈ ಲೇಪಗಳನ್ನು ಆಗಾಗ ನವೀಕರಿಸಬೇಕು. ಕ್ಲಿಯರ್ ಕೋಟ್ ಬಳಿದರೆ ನಿತ್ಯದ ನಿರ್ವಹಣೆ ತಪ್ಪುತ್ತದೆ. ಆದರೆ ಬಣ್ಣದ ಲೇಪ ಹಿಡಿದುಕೊಳ್ಳುವುದು ತುಸು ಒರಟಾದ ಮೈಗೆ, ಕನ್ನಡಿ ಹೊಳಪಿನ ಮೈಯಲ್ಲಿ ಅದಕ್ಕೆ ಹಿಡಿತ ಸಾಲದು, ಪಾಲಿಶ್‌ನ ಎಣ್ಣೆಯಂಶ ಉಳಿದಿದ್ದರಂತೂ ಅದು ಬೇಗ ಸಿಪ್ಪೆಯೇಳುತ್ತದೆ. ಹೊಳಪನ್ನು ಹುಟ್ಟಿಸಿದ ನುಣುಪೇ ಲೇಪಕ್ಕೆ ಅಡ್ಡಿಯಾಗುವ ಈ ವೈರುಧ್ಯದಿಂದಾಗಿ ಅನೇಕರು ಗಾಲಿಯನ್ನು ಲೇಪವಿಲ್ಲದೆ ಬಿಟ್ಟು, ಮಂಕು ಕವಿಯಲು ಆರಂಭಿಸಿದೊಡನೆ ಪೇಸ್ಟಿನಿಂದ ಒಮ್ಮೆ ಉಜ್ಜುವ ಕ್ರಮವನ್ನು ಆರಿಸಿಕೊಳ್ಳುತ್ತಾರೆ. ಹಾಗೆ ಸಕಾಲದಲ್ಲಿ ಮಾಡಿದರೆ ಮತ್ತೆ ಮರಳು ಕಾಗದ ಹಿಡಿಯಬೇಕಾಗುವುದಿಲ್ಲ.

ತೊಳೆಯಲು ಪಿಹೆಚ್ ಮೌಲ್ಯ 7ರ ಆಸುಪಾಸಿನ ಕಾರ್ ಶಾಂಪೂ ಸೂಕ್ತ. ಬಟ್ಟೆಸೋಡ, ಕ್ಷಾರಯುಕ್ತ ಪಾತ್ರೆಪುಡಿ, ತೀಕ್ಷ್ಣ ಆಮ್ಲಗಳು ಬರಿಯ ಲೋಹವನ್ನು ಮಂಕಾಗಿಸುತ್ತವೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲೂ ಒಳನಾಡಿನ ಅನೇಕ ಊರುಗಳಲ್ಲೂ ಬಳಕೆಯಲ್ಲಿರುವ ಗಡಸು ಬೋರ್‌ವೆಲ್ ನೀರು ಹನಿಹನಿಯಾಗಿ ಒಣಗಿದರೆ ಕ್ಯಾಲ್ಸಿಯಂ ಲವಣಗಳ ಬಿಳಿ ಕಲೆ ಬಿಡುವುದರಿಂದ, ತೊಳೆದ ಕೂಡಲೇ ಒರೆಸುವುದು ಅಗತ್ಯ. ಬಿಸಿಯಾದ ಗಾಲಿಗೆ ನೀರು ಅಥವಾ ಪಾಲಿಶ್ ತಾಗಿಸಬಾರದು.

ಸುರಕ್ಷತೆ ಮತ್ತು ಮಿತಿಗಳು

ಒಣ ಅಲ್ಯೂಮಿನಿಯಂ ಧೂಳು ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ, ಹಳೆಯ ಬಣ್ಣದ ಪುಡಿ ಶ್ವಾಸಕೋಶಕ್ಕೆ ಹಾನಿಕರ. ಒದ್ದೆಯಾಗಿ ಉಜ್ಜುವುದು ಎರಡನ್ನೂ ತಡೆಯುತ್ತದೆ, ಲೇಪವನ್ನು ಒಣದಾಗಿ ಕೆರೆಯುವಾಗ ಧೂಳು ತಡೆಯುವ ಮುಖಗವಸು ಬೇಕು. ನಿಜವಾದ ಮೆಗ್ನೀಷಿಯಂ ಗಾಲಿಯ ವಿಷಯ ಬೇರೆ: ಅದರ ಸೂಕ್ಷ್ಮ ಪುಡಿ ಇನ್ನೂ ಸುಲಭವಾಗಿ ಹೊತ್ತುವುದಲ್ಲದೆ ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಬಿಡುವುದರಿಂದ ಅದನ್ನು ತಜ್ಞರ ಕೈಗೇ ಒಪ್ಪಿಸಬೇಕು. ಪಾಲಿಶ್‌ನ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಯಾಗಿ ಬಿಡದೆ ಹರಡಿ ಒಣಗಿಸಿ ವಿಲೇವಾರಿ ಮಾಡುವುದು ಕ್ಷೇಮ. ಗಾಲಿಯನ್ನು ಮರಳಿ ಕೂರಿಸುವಾಗ ನಟ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ, ತಯಾರಕರು ಸೂಚಿಸಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿದು, ಸ್ವಲ್ಪ ದೂರ ಓಡಿಸಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು.

ಉಜ್ಜುವಿಕೆಯಿಂದ ಸರಿಹೋಗುವುದು ಗಾಲಿಯ ಮೈ ಮಾತ್ರ. ಹೊಂಡಕ್ಕೆ ಬಡಿದು ಬಾಗಿದ ಅಂಚು, ಕಡ್ಡಿಯ ಬುಡದಲ್ಲಿ ಕಂಡ ಬಿರುಕು, ಮಿಲಿಮೀಟರುಗಟ್ಟಲೆ ಕಿತ್ತುಹೋದ ಲೋಹ ಇವು ಗಾಲಿಯ ಬಲಕ್ಕೆ ಸಂಬಂಧಿಸಿದ ದೋಷಗಳು. ಬಿರುಕನ್ನು ನುಣುಪಾಗಿ ತಿಕ್ಕುವುದು ಅದನ್ನು ಕಣ್ಣಿಗೆ ಮರೆಮಾಡುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ಬಾಗಿದ ಭಾಗವನ್ನು ಮನೆಯಲ್ಲಿ ಕಾಯಿಸಿ ನೇರಗೊಳಿಸುವ ಪ್ರಯತ್ನ ಟಿ6 ಉಪಚಾರದಿಂದ ಬಂದ ಗಡಸುತನವನ್ನೇ ಕೆಡಿಸಬಲ್ಲದು. ಉಳಿದ ಕಡೆ ಕೈಕೆಲಸಕ್ಕೂ ಯಂತ್ರಕ್ಕೂ ಬೇರೆ ಬೇರೆ ಕ್ಷೇತ್ರಗಳಿವೆ. ಚಪ್ಪಟೆಯಾದ ಅಗಲ ಮುಖಗಳನ್ನು ಬಫಿಂಗ್ ಚಕ್ರ ನಿಮಿಷಗಳಲ್ಲಿ ಬೆಳಗುತ್ತದೆ, ಡೈಮಂಡ್ ಕಟ್ ಮುಖವನ್ನು ಲೇತ್ ಮಾತ್ರ ಹೊಸದಾಗಿ ಕಡೆಯಬಲ್ಲದು. ಕಡ್ಡಿಗಳ ನಡುವಿನ ತಿರುವುಗಳು, ಅಕ್ಷರಗಳ ಸಂದುಗಳು, ಚೂಪು ಏಣುಗಳು ಯಂತ್ರದ ವೇಗಕ್ಕೆ ಸಿಕ್ಕರೆ ಮೊಂಡಾಗುವುದರಿಂದ, ಹಳೆಯ ಗಾಲಿಯ ಮೂಲ ಆಕಾರವನ್ನು ಕೆಡಿಸದೆ ಹೊಳಪು ತರಬೇಕಾದಾಗ ವೃತ್ತಿಪರ ಕಾರ್ಯಾಗಾರಗಳೂ ಕೊನೆಗೆ ಮಡಚಿದ ಕಾಗದವನ್ನೇ ಕೈಗೆತ್ತಿಕೊಳ್ಳುತ್ತವೆ.